ಒಂದು ಮೊಬೈಲು, ಒಂದು ಟಿವಿ ಇದ್ದರೆ ಸಾಕು: ಪ್ರಾಥಮಿಕ ಶಾಲೆಯಲ್ಲಿ ಡಿಜಿಟಲ್ ಪಾಠ ಮಾಡುವ ಬಗೆ

ಮಲ್ಪೆ ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ನಮ್ಮ ಶಾಲೆ. ಕನ್ನಡ ಮಾಧ್ಯಮ, ಹಂಚಿನ ಮಾಡು, ನನ್ನ ಐದನೇ ತರಗತಿಯಲ್ಲಿ ಇಪ್ಪತ್ತೆಂಟು ಮಕ್ಕಳು. ಹಳೆ ವಿದ್ಯಾರ್ಥಿಗಳು ಸೇರಿ ಶಾಲೆಗೆ ಒಂದು ಟಿವಿ ಕೊಡಿಸಿದರು. ಅದು ಬಂದ ವಾರವೇ ನಾನು ಸಮುದ್ರದ ಜೀವಿಗಳ ಬಗ್ಗೆ ಇಪ್ಪತ್ತು ನಿಮಿಷದ ವಿಡಿಯೊ ಹಾಕಿದೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಮರುದಿನ ಕೇಳಿದರೆ "ದೊಡ್ಡ ಮೀನು ಇತ್ತು ಟೀಚರ್" ಅನ್ನುವುದಕ್ಕಿಂತ ಮುಂದೆ ಯಾರ ಬಾಯಲ್ಲೂ ಮಾತು ಬರಲಿಲ್ಲ. ಅದೇ ಮಕ್ಕಳು ಬಂದರಿನಲ್ಲಿ ಬೋಟು ಖಾಲಿ ಮಾಡುವುದನ್ನು ನೋಡಿ ಬಂದ ದಿನ ಅರ್ಧ ಗಂಟೆ ಮಾತು ನಿಲ್ಲಿಸುವುದಿಲ್ಲ.

ಅಂದಿನಿಂದ ಪಾಠ ತಯಾರಿಸುವಾಗ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಪರದೆ ಆರಿಸಿದ ಮೇಲೆ ಮಕ್ಕಳ ಕೈ ಏನು ಮಾಡುತ್ತದೆ, ಬಾಯಿ ಏನು ಹೇಳುತ್ತದೆ? ಇದಕ್ಕೆ ಉತ್ತರ ಹೊಳೆದರೆ ಟಿವಿ ಹಚ್ಚುತ್ತೇನೆ. ಹೊಳೆಯದಿದ್ದರೆ ಕರಿಹಲಗೆಯೇ ಸಾಕು. ಕೆಳಗೆ ಬರೆದದ್ದೆಲ್ಲ ನಾನು ಮಾಡಿ ನೋಡಿದ್ದು. ನಿಮ್ಮ ಶಾಲೆ ಕುಂದಾಪುರದಲ್ಲಿರಲಿ, ಉಳ್ಳಾಲದಲ್ಲಿರಲಿ, ಸ್ವಲ್ಪ ಆಚೀಚೆ ಮಾಡಿಕೊಂಡರೆ ನಡೆಯುತ್ತದೆ.

ಮೊದಲು ಕೋಣೆ, ಆಮೇಲೆ ಪಾಠ

ಟಿವಿ ಹಚ್ಚಿ ಕೊನೆಯ ಬೆಂಚಿನಲ್ಲಿ ಹೋಗಿ ಕೂತುಕೊಳ್ಳಿ. ಅಲ್ಲಿಂದ ಅಕ್ಷರ ಓದಲು ಬರುತ್ತದಾ ನೋಡಿ. 32 ಇಂಚಿನ ಟಿವಿಯಲ್ಲಿ ಪಠ್ಯಪುಸ್ತಕದ ಪುಟವನ್ನು ಇಡೀ ತೋರಿಸಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಒಂದೊಂದು ಚಿತ್ರ, ಒಂದೊಂದು ಸಾಲು ದೊಡ್ಡದು ಮಾಡಿ ತೋರಿಸಬೇಕು. ಕಿಟಕಿಯ ಬೆಳಕು ಪರದೆಗೆ ಬಡಿಯುತ್ತಿದ್ದರೆ ಹಳೆಯ ಬೆಡ್‌ಶೀಟು ಕಟ್ಟಿದರೆ ಆಯಿತು.

ಧ್ವನಿಗೆ ಬೇರೆಯೇ ತಯಾರಿ ಬೇಕು. ಜೂನ್ ಬಂದ ಮೇಲೆ ಹಂಚಿನ ಮೇಲೆ ಮಳೆ ಸುರಿಯುವಾಗ ಟಿವಿಯ ಸಣ್ಣ ಸ್ಪೀಕರ್ ಯಾರಿಗೂ ಕೇಳುವುದಿಲ್ಲ. ತಗಡಿನ ಶೀಟ್ ಆಗಿದ್ದರಂತೂ ಮಾತೇ ಬೇಡ. ಒಂದು ಬ್ಲೂಟೂತ್ ಸ್ಪೀಕರ್ ಇಟ್ಟುಕೊಳ್ಳಿ. ಅದೂ ಸಾಲದ ದಿನ ವಿಡಿಯೊದ ಧ್ವನಿ ನಿಲ್ಲಿಸಿ ನೀವೇ ಮಕ್ಕಳ ನಡುವೆ ನಿಂತು ವಿವರಿಸಿ. ನಿಜ ಹೇಳಬೇಕೆಂದರೆ ಹೀಗೆ ಮಾಡಿದ ಪಾಠಗಳೇ ನನ್ನಲ್ಲಿ ಹೆಚ್ಚು ಚೆನ್ನಾಗಿ ಆಗಿವೆ.

ಶಾಲೆಯಲ್ಲಿ ಇಂಟರ್‌ನೆಟ್ ಇಲ್ಲ ಅಂತಲೇ ಅಂದುಕೊಂಡು ತಯಾರಾಗಿ. ಬೇಕಾದದ್ದನ್ನು ರಾತ್ರಿ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿ. ಒಂದು ವಿಷಯ ಗಮನಿಸಿ: ಹೆಚ್ಚಿನ ಟಿವಿಗಳು ಪೆನ್‌ಡ್ರೈವ್‌ನಿಂದ ವಿಡಿಯೊ ಮತ್ತು ಫೋಟೊ ತೋರಿಸುತ್ತವೆ, ಪಿಡಿಎಫ್ ತೆರೆಯುವುದಿಲ್ಲ. ಪಿಡಿಎಫ್ ಪುಟಗಳನ್ನು ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು 01, 02, 03 ಎಂದು ಹೆಸರಿಟ್ಟು ಹಾಕಿದರೆ ಸಾಲಾಗಿ ಬರುತ್ತವೆ. ಯೂಟ್ಯೂಬ್‌ನಿಂದ ತೋರಿಸುವುದಾದರೆ ಆ್ಯಪ್‌ನಲ್ಲೇ ಆಫ್‌ಲೈನ್ ಉಳಿಸಿಕೊಳ್ಳಿ, ಆಟೊಪ್ಲೇ ಬಂದ್ ಮಾಡಿ. ಒಮ್ಮೆ ವಿಡಿಯೊ ಮುಗಿದ ತಕ್ಷಣ ಮಕ್ಕಳು ನೋಡಬಾರದ ಒಂದು ದೃಶ್ಯ ತಾನಾಗಿ ಶುರುವಾಯಿತು. ರಿಮೋಟು ನನ್ನ ಕೈಯಲ್ಲಿರಲಿಲ್ಲ. ಆಮೇಲೆ ಆ ತಪ್ಪು ಮಾಡಿಲ್ಲ.

ಮೋಡ ಕಟ್ಟಿ ಗುಡುಗುವ ಲಕ್ಷಣ ಕಂಡಾಗಲೇ, ಗುಡುಗು ಶುರುವಾಗುವ ಮೊದಲೇ, ಟಿವಿಯ ಪ್ಲಗ್ಗನ್ನೂ ಕೇಬಲ್ಲನ್ನೂ ಎರಡೂ ಕಿತ್ತಿಡಿ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಸಿಡಿಲು ನಮ್ಮ ಕರಾವಳಿಯಲ್ಲಿ ಎಷ್ಟು ಜೋರು ಅಂತ ನಿಮಗೇ ಗೊತ್ತು. ಮಳೆಗಾಲದಲ್ಲಿ ಬಳಸದಿದ್ದರೂ ವಾರಕ್ಕೆ ಎರಡು ಸಲ ಸ್ವಲ್ಪ ಹೊತ್ತು ಹಚ್ಚಿಡಿ. ಇಲ್ಲದಿದ್ದರೆ ಒಳಗೆ ಶೀತ ಹಿಡಿಯುತ್ತದೆ.

ನಾಲ್ಕು ನಿಮಿಷ ನೋಡಿ, ಉಳಿದದ್ದು ಮಾಡಿ

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಪರದೆಗೆ ನಾನು ಕೊಡುವುದು ನಾಲ್ಕರಿಂದ ಆರು ನಿಮಿಷ. ಶುರುವಿನಲ್ಲಿ ಮಕ್ಕಳಿಗೆ ಗೊತ್ತಿರುವುದನ್ನು ಕೇಳುತ್ತೇನೆ. ಆಮೇಲೆ ಒಂದು ಹುಡುಕುವ ಕೆಲಸ ಕೊಡುತ್ತೇನೆ, "ಇದರಲ್ಲಿ ನೀರು ಎಷ್ಟು ಸಲ ರೂಪ ಬದಲಿಸುತ್ತದೆ, ಎಣಿಸಿ" ಎಂಬ ಹಾಗೆ. ನಡುವೆ ಒಮ್ಮೆ ನಿಲ್ಲಿಸಿ "ಮುಂದೆ ಏನಾಗಬಹುದು?" ಎಂದು ಕೇಳುತ್ತೇನೆ. ಮುಗಿದ ಮೇಲೆ ಪರದೆ ಪೂರ್ತಿ ಆರಿಸುತ್ತೇನೆ. ಹಚ್ಚಿಟ್ಟಿದ್ದರೆ ಮಕ್ಕಳ ಕಣ್ಣು ಅಲ್ಲಿಂದ ಬರುವುದೇ ಇಲ್ಲ.

ಪಠ್ಯಪುಸ್ತಕದ ಪಾಠದ ಬಳಿ ಇರುವ ಕ್ಯೂಆರ್ ಕೋಡ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2017ರಲ್ಲಿ ಶುರುವಾದ, ಶಾಲಾ ಪಾಠಗಳಿಗಾಗಿ ಸರ್ಕಾರ ನಡೆಸುವ ದೀಕ್ಷಾ ವೇದಿಕೆಯ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ ವಿಡಿಯೊ, ಅಭ್ಯಾಸಗಳು ಸಿಗುತ್ತವೆ. ಇಳಿಸಿಟ್ಟುಕೊಳ್ಳಲೂ ಬರುತ್ತದೆ. ಆದರೆ ಮೊದಲು ನೀವು ಕೊನೆಯ ತನಕ ನೋಡಿ. ಹತ್ತು ನಿಮಿಷದ ವಿಡಿಯೊದಲ್ಲಿ ನಮಗೆ ಬೇಕಾದದ್ದು ಎರಡೇ ನಿಮಿಷ ಇರಬಹುದು. ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಎಂದು ಪಾಠಯೋಜನೆಯ ಬದಿಯಲ್ಲೇ ಬರೆದಿಡಿ.

ಗಣಿತಕ್ಕೆ ನನಗೆ ಬಹಳ ಇಷ್ಟವಾದದ್ದು ಫೆಟ್. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಅದು. ಪರದೆಯ ಮೇಲೆ ವಸ್ತುಗಳನ್ನು ಎಳೆದು, ಸರಿಸಿ ಪ್ರಯೋಗ ಮಾಡಬಹುದು. ಪೂರ್ತಿ ಉಚಿತ, ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ, ಇಳಿಸಿಕೊಂಡರೆ ಇಂಟರ್‌ನೆಟ್ ಬೇಡ. ಭಿನ್ನರಾಶಿ ಪಾಠದ ದಿನ ನಾನು ಮೊದಲು ಮಕ್ಕಳಿಂದ ಕಾಗದದ ದುಂಡು ಕತ್ತರಿಸಿಸುತ್ತೇನೆ. ಅಮ್ಮ ನೀರುದೋಸೆ ಮಡಚುವ ಹಾಗೆ ಮಡಚಿ ಅನ್ನುತ್ತೇನೆ. ಒಂದು ಮಡಿಕೆಗೆ ಅರ್ಧ, ಎರಡನೆಯದಕ್ಕೆ ಕಾಲು. ಇದು ಕೈಗೆ ಬಂದ ಮೇಲೆ ಫೆಟ್ ತೆರೆದು "ಕಾಲು ಭಾಗ ಮೂರು ಸೇರಿದರೆ ಎಷ್ಟು ಕಾಣುತ್ತದೆ?" ಎಂದು ಕೇಳಿ, ಒಬ್ಬೊಬ್ಬರನ್ನೇ ಕರೆದು ಮಾಡಿಸುತ್ತೇನೆ. ಒತ್ತುವ ಮೊದಲು ಉಳಿದವರೆಲ್ಲ ತಮ್ಮ ಊಹೆಯನ್ನು ಸ್ಲೇಟಿನಲ್ಲಿ ಬರೆದಿರಬೇಕು.

ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲದೆ ಕ್ವಿಜ್

ಪ್ಲಿಕರ್ಸ್ ಎಂಬ ಆ್ಯಪ್ ಇದೆ. ಶಿಕ್ಷಕರ ಒಂದು ಮೊಬೈಲ್ ಸಾಕು. ಅದರ ಜಾಲತಾಣದಿಂದ ಕಾರ್ಡುಗಳನ್ನು ಪ್ರಿಂಟ್ ಮಾಡಿಸಿ, ಪ್ರತಿ ಮಗುವಿಗೆ ಒಂದು ಸಂಖ್ಯೆಯ ಕಾರ್ಡು ಕೊಡಿ. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ ಇರುತ್ತದೆ. ಪ್ರಶ್ನೆ ಓದಿದ ಮೇಲೆ ಮಗು ತನ್ನ ಉತ್ತರದ ಬದಿ ಮೇಲೆ ಬರುವ ಹಾಗೆ ಹಿಡಿಯುತ್ತದೆ. ನೀವು ಮೊಬೈಲಿನ ಕ್ಯಾಮೆರಾವನ್ನು ಕೋಣೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸಿದರೆ ಯಾರು ಏನು ಉತ್ತರ ಕೊಟ್ಟರು ಅಂತ ಬರುತ್ತದೆ. ಅಕ್ಷರ ಸಣ್ಣದು, ಹಾಗಾಗಿ ಪಕ್ಕದವರ ಕಾರ್ಡು ನೋಡಿ ಹಿಡಿಯಲು ಆಗುವುದಿಲ್ಲ. ಇದಕ್ಕೆ ಇಂಟರ್‌ನೆಟ್ ಬೇಕು, ನಿಮ್ಮ ಮೊಬೈಲಿನದು ಸಾಕು.

ಕಾರ್ಡನ್ನು ದಪ್ಪ ಕಾಗದಕ್ಕೆ ಅಂಟಿಸಿ. ಹೊಳೆಯುವ ಲ್ಯಾಮಿನೇಷನ್ ಬೇಡ, ಬೆಳಕು ಹೊಡೆದು ಕ್ಯಾಮೆರಾ ಓದುವುದಿಲ್ಲ. ಹೆಸರಿನ ಬದಲು ಹಾಜರಿ ಸಂಖ್ಯೆಯನ್ನಷ್ಟೇ ತುಂಬಿಸಿ. ಐದು ಪ್ರಶ್ನೆ ಸಾಕು. ಮಾತೇ ಆಡದ ಮಕ್ಕಳಿಗೆ ಇದರಿಂದ ಎಷ್ಟು ಉಪಕಾರವಾಗುತ್ತದೆ ಅಂತ ನೋಡಿದ ಮೇಲೆಯೇ ನನಗೆ ಗೊತ್ತಾಯಿತು. ಕೈ ಎತ್ತದ ಒಬ್ಬ ಹುಡುಗಿ ಐದಕ್ಕೆ ಐದೂ ಸರಿ ಹೇಳಿದ್ದಳು. ಅಷ್ಟು ದಿನ ಅವಳಿಗೆ ಏನೂ ಬರುವುದಿಲ್ಲ ಅಂತ ನಾನು ಅಂದುಕೊಂಡಿದ್ದೆ.

ಮನೆಮಾತನ್ನು ರೆಕಾರ್ಡ್ ಮಾಡಿ

ನಮ್ಮ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಎಲ್ಲವೂ ಇವೆ. ಪುಸ್ತಕದ ಕನ್ನಡ ಹಲವರಿಗೆ ಶಾಲೆಗೆ ಬಂದ ಮೇಲೆ ಕಲಿತದ್ದು. ಪುಸ್ತಕದಲ್ಲಿ ಏಡಿ, ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ. ಪುಸ್ತಕದ ಸಿಗಡಿ ಮನೆಯಲ್ಲಿ ಎಟ್ಟಿ, ಇನ್ನೊಂದು ಮನೆಯಲ್ಲಿ ಸುಂಗಟ. ಇದನ್ನು ಅಡ್ಡಿ ಅಂದುಕೊಳ್ಳಬೇಡಿ. ಇದೇ ನಮ್ಮ ದೊಡ್ಡ ಬಂಡವಾಳ.

ಮಾಡುವುದು ಸುಲಭ. ಮಗು ಒಂದು ಹಾಳೆಯಲ್ಲಿ ಮೀನೋ ಮರವೋ ಅಡುಗೆಯ ಪಾತ್ರೆಯೋ ದೊಡ್ಡದಾಗಿ ಚಿತ್ರ ಬರೆದು ಕೆಳಗೆ ಕನ್ನಡದ ಹೆಸರು ಬರೆಯಲಿ. ಮೊಬೈಲನ್ನು ಎರಡು ಪುಸ್ತಕದ ಕಟ್ಟುಗಳ ನಡುವೆ ನಿಲ್ಲಿಸಿ, ಚಿತ್ರವಷ್ಟೇ ಕಾಣುವ ಹಾಗೆ ಇಟ್ಟು ವಿಡಿಯೊ ಶುರು ಮಾಡಿ. ಮಗು ತನ್ನ ಮನೆಯ ಹೆಸರು, ಪುಸ್ತಕದ ಹೆಸರು, ಅದರ ಬಗ್ಗೆ ಒಂದು ಮಾತು ಹೇಳಲಿ. ಹದಿನೈದು ಸೆಕೆಂಡು. ಎಡಿಟಿಂಗ್ ಏನೂ ಬೇಡ. ರೆಕಾರ್ಡ್ ಮಾಡುವಾಗ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕರೆ ಬಂದರೆ ನಡುವೆ ನಿಂತು ಹೋಗುತ್ತದೆ. ಮಗುವಿನ ಬಾಯಿಗೂ ಮೊಬೈಲಿಗೂ ಎರಡು ಗೇಣಿಗಿಂತ ಜಾಸ್ತಿ ದೂರ ಬೇಡ. ಇಪ್ಪತ್ತೆಂಟು ಮಕ್ಕಳದ್ದು ಸೇರಿದರೆ ಏಳು ನಿಮಿಷದ ಒಂದು ಮಾತಾಡುವ ನಿಘಂಟು ಆಯಿತು. ಅದನ್ನು ಒಂದನೇ ತರಗತಿಯವರಿಗೆ ತೋರಿಸಿ. ದೊಡ್ಡ ಮಕ್ಕಳ ಮುಖ ಆಗ ನೋಡಬೇಕು ಮಾರಾಯ್ರೆ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ವಾ, ಆಗ ಬೋಟಿಗೆ ಹೋಗುವ ಅಪ್ಪಂದಿರು ಊರಲ್ಲಿರುತ್ತಾರೆ. ಒಬ್ಬರನ್ನು ತರಗತಿಗೆ ಕರೆಯಿರಿ. ಬೋಟಿನಲ್ಲಿ ಜಿಪಿಎಸ್ ಹೇಗೆ ನೋಡುತ್ತಾರೆ, ಮೀನಿನ ಗುಂಪು ಎಲ್ಲಿದೆ ಎಂದು ತೋರಿಸುವ ಫಿಶ್ ಫೈಂಡರ್ ಹೇಗೆ ಕೆಲಸ ಮಾಡುತ್ತದೆ ಎಂದು ಅವರ ಬಾಯಿಂದಲೇ ಕೇಳಲಿ. ಡಿಜಿಟಲ್ ಉಪಕರಣವನ್ನು ನಂಬಿ ಕಡಲಿಗೆ ಹೋಗುವವರು ಅವರು. ನಮಗಿಂತ ಚೆನ್ನಾಗಿ ಹೇಳುತ್ತಾರೆ.

ಅವರು ಹೇಳಿದ ಜಾಗವನ್ನು ಗೂಗಲ್ ಅರ್ಥ್‌ನಲ್ಲಿ, ಅಂದರೆ ಇಡೀ ಭೂಮಿಯನ್ನು ಉಪಗ್ರಹ ಚಿತ್ರದಲ್ಲಿ ತೋರಿಸುವ ಆ್ಯಪ್‌ನಲ್ಲಿ ಹುಡುಕಿ. ಶುರು ಮಾತ್ರ ಯಾವಾಗಲೂ ನಿಮ್ಮ ಶಾಲೆಯ ಮಾಡಿನಿಂದಲೇ ಆಗಲಿ. ಅಲ್ಲಿಂದ ಮೆಲ್ಲಗೆ ಮೇಲೇರಿ: ಆಟದ ಮೈದಾನ, ರಸ್ತೆ, ಹೊಳೆ, ಕಡಲು. ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವುದು ಎಷ್ಟು ಚಂದ ಕಾಣುತ್ತದೆ! ಮಂಗಳೂರಿನವರು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯನ್ನು ನೋಡಬಹುದು. 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ಸಾಲಾಗಿ ಓಡಿಸುವ ಟೈಮ್‌ಲ್ಯಾಪ್ಸ್ ಹಾಕಿದರೆ ಊರು ಬೆಳೆದದ್ದು, ದಂಡೆ ಬದಲಾದದ್ದು ಕಾಣುತ್ತದೆ. ಆಮೇಲೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅಲ್ಲಿನ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾದಿಂದ ಆದವು. ಮಕ್ಕಳ ಕೈಯಲ್ಲೇ ಭೂಗೋಳ ತಿರುಗಿಸಿ ಮಡಗಾಸ್ಕರ್ ಹುಡುಕಿಸಿ.

ಮಳೆಯನ್ನು ಅಳೆಯುವ ಯೋಜನೆ

ಇಡೀ ವರ್ಷದಲ್ಲಿ ಒಂದೇ ಯೋಜನೆ ಮಾಡಲು ಸಮಯ ಇದೆ ಅಂದರೆ ಇದನ್ನೇ ಮಾಡಿ.

ಬದಿ ನೇರವಾಗಿರುವ ಎರಡು ಲೀಟರಿನ ಬಾಟಲಿ ತನ್ನಿ. ಮೇಲಿನ ಕೊರಳ ಭಾಗ ಕತ್ತರಿಸಿ, ತಲೆಕೆಳಗಾಗಿ ಅದೇ ಬಾಟಲಿಯೊಳಗೆ ಇಟ್ಟರೆ ಲಾಳಿಕೆಯಾಗುತ್ತದೆ. ಬಾಟಲಿಯ ಬುಡ ಉಬ್ಬು ತಗ್ಗು ಇರುತ್ತದೆ. ಹಾಗಾಗಿ ಒಳಗೆ ಸಣ್ಣ ಕಲ್ಲು ಹಾಕಿ, ಬದಿ ನೇರವಾಗುವ ತನಕ ನೀರು ತುಂಬಿಸಿ. ಅಲ್ಲಿ ಗೆರೆ ಎಳೆದು ಸೊನ್ನೆ ಎಂದು ಬರೆಯಿರಿ. ಅಲ್ಲಿಂದ ಮೇಲೆ ಸ್ಕೇಲು ಇಟ್ಟು ಮಿಲಿಮೀಟರ್ ಗುರುತು ಹಾಕಿ. ಜುಲೈಯಲ್ಲಿ ಒಂದೇ ದಿನ 100 ಮಿಲಿಮೀಟರ್ ದಾಟುವುದು ನಮ್ಮಲ್ಲಿ ಹೊಸತಲ್ಲ. ಆದ್ದರಿಂದ ಉದ್ದನೆಯ ಬಾಟಲಿಯೇ ಬೇಕು. ಮರ ಮತ್ತು ಮಾಡಿನ ನೀರು ಬೀಳದ ಬಯಲಿನಲ್ಲಿ, ಗಾಳಿಗೆ ಉರುಳದ ಹಾಗೆ ಇಟ್ಟಿಗೆಗಳ ನಡುವೆ ಇಡಿ.

ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಲೆಕ್ಕ ಹಾಕುತ್ತದೆ. ಅಷ್ಟು ಬೇಗ ಆಗದಿದ್ದರೂ ನೀವು ದಿನಾ ಒಂದೇ ಹೊತ್ತಿಗೆ ಓದಬೇಕು. ಇಬ್ಬರು ಮಕ್ಕಳ ಜೋಡಿ, ವಾರಕ್ಕೊಂದು ಜೋಡಿ. ಒಬ್ಬರು ಓದಿದ್ದನ್ನು ಇನ್ನೊಬ್ಬರು ಪರೀಕ್ಷಿಸಬೇಕು, ಬಾಟಲಿಯ ಫೋಟೊ ತೆಗೆಯಬೇಕು. ಆಮೇಲೆ ಸೊನ್ನೆಯ ಗೆರೆಯ ತನಕ ನೀರು ಚೆಲ್ಲಬೇಕು. ರಜೆ ಬಂದರೆ ಎರಡು ದಿನದ ಮಳೆ ಒಟ್ಟಿಗೆ ಇರುತ್ತದೆ. ಅದನ್ನು "ಎರಡು ದಿನದ್ದು" ಎಂದೇ ಬರೆಯಿಸಿ. ಭಾಗ ಮಾಡಿ ತುಂಬಿಸಲು ಬಿಡಬೇಡಿ. ಲೆಕ್ಕದಲ್ಲಿ ಪ್ರಾಮಾಣಿಕತೆ ಅಂದರೆ ಏನೆಂದು ಮಕ್ಕಳು ಕಲಿಯುವುದು ಇಂಥ ಜಾಗದಲ್ಲೇ.

ಮೊದಲ ಎರಡು ವಾರ ಗ್ರಾಫ್ ಕಾಗದದಲ್ಲಿ ಕೈಯಿಂದಲೇ ಸ್ತಂಭ ಎಳೆಯಲಿ. ಮೂರನೇ ವಾರ ಅಂಕಿಗಳ ಪಟ್ಟಿ ಮಾಡುವ ಗೂಗಲ್ ಶೀಟ್ಸ್ ಆ್ಯಪ್ ತೆರೆಯಿರಿ. ಮೊದಲ ಕಾಲಂನಲ್ಲಿ ದಿನಾಂಕ, ಎರಡನೆಯದರಲ್ಲಿ ಮಿಲಿಮೀಟರ್. ಎರಡನ್ನೂ ಆರಿಸಿ ಚಾರ್ಟ್ ಒತ್ತಿದರೆ ಅದೇ ಸ್ತಂಭಗಳು ಕ್ಷಣದಲ್ಲಿ ಮೂಡುತ್ತವೆ. ಕೈಯಿಂದ ಎಳೆದ ಮಕ್ಕಳಿಗೆ ಯಂತ್ರ ಏನು ಮಾಡಿತು ಅಂತ ಗೊತ್ತಾಗುತ್ತದೆ. ಎಳೆಯದವರಿಗೆ ಅದು ಸುಮ್ನೆ ಬಣ್ಣದ ಚಿತ್ರ.

ಇನ್ನೊಂದು ಕೆಲಸವೂ ಇದೆ. ಉದ್ದನೆಯ ಕಾಗದದ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಬಿದ್ದ ಮಳೆಯನ್ನು ನಿಜವಾದ ಅಳತೆಯಲ್ಲೇ ವಾರ ವಾರ ಬಣ್ಣ ತುಂಬಿಸುತ್ತ ಹೋಗಿ. ನಮ್ಮಲ್ಲಿ ಜುಲೈ ಮುಗಿಯುವ ಮೊದಲೇ ಬಣ್ಣ ಮಕ್ಕಳ ತಲೆ ದಾಟಿತು. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಅಂದರೆ ನಾಲ್ಕು ಮೀಟರ್. ಅದು ಪುಸ್ತಕದ ಅಂಕಿಯಾಗಿದ್ದಾಗ ಯಾರೂ ಬಾಯಿ ತೆರೆದಿರಲಿಲ್ಲ. ಗೋಡೆ ಮುಗಿಯುತ್ತದೆ ಎಂದು ಕಂಡಾಗ "ಇಷ್ಟು ನೀರು ಎಲ್ಲಿಗೆ ಹೋಗುತ್ತದೆ ಟೀಚರ್, ಮತ್ತೆ ಏಪ್ರಿಲ್‌ನಲ್ಲಿ ನಮ್ಮ ಬಾವಿ ಯಾಕೆ ಬತ್ತುತ್ತದೆ?" ಎಂದು ಒಬ್ಬ ಕೇಳಿದ. ಮುಂದಿನ ಮೂರು ಪಾಠಗಳು ಆ ಪ್ರಶ್ನೆಯಿಂದಲೇ ಹುಟ್ಟಿದವು.

ನಿಮ್ಮ ಅಂಕಿಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಜಾಲತಾಣದಲ್ಲಿ ಕೊಡುವ ಮಳೆಯ ಅಂಕಿಯೊಂದಿಗೆ ಹೋಲಿಸಿ. ಒಂದೇ ಆಗಿರುವುದಿಲ್ಲ. ಪೇಟೆಯಲ್ಲಿ ಬಂದ ಮಳೆ ನಮ್ಮಲ್ಲಿ ಬಾರದೆ ಇರಬಹುದು. ಯಾಕೆ ವ್ಯತ್ಯಾಸ ಎಂದು ಮಕ್ಕಳೇ ವಾದ ಮಾಡಲಿ. ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ, 204.5 ಮುಟ್ಟಿದರೆ ಅತ್ಯಂತ ಭಾರೀ. ಈ ಎರಡು ಗೆರೆಯನ್ನು ಚಾರ್ಟಿನ ಮೇಲೆ ಎಳೆಯಿಸಿ.

"ನಾಳೆ ಶಾಲೆಗೆ ರಜೆ" ನಿಜವಾ?

ಮಳೆ ಜೋರಾದ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಜಿಲ್ಲಾಧಿಕಾರಿಗಳ ರಜೆ ಆದೇಶ ಓಡಾಡುತ್ತದೆ. ಕೆಲವು ನಿಜ, ಕೆಲವು ಹಿಂದಿನ ವರ್ಷದ್ದು, ಕೆಲವನ್ನು ಯಾರೋ ತಿದ್ದಿರುತ್ತಾರೆ. ಸುಳ್ಳು ಸುದ್ದಿ ಗುರುತಿಸುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಮಕ್ಕಳಿಗೆ ಇದರಲ್ಲಿ ನಿಜವಾದ ಆಸಕ್ತಿ ಇರುತ್ತದೆ.

ಐದರಿಂದ ಏಳನೇ ತರಗತಿಯವರಿಗೆ ಹೀಗೆ ಮಾಡಿ. ಹಿಂದಿನ ಒಂದು ನಿಜವಾದ ಆದೇಶವನ್ನೂ, ನೀವೇ ದಿನಾಂಕ ಬದಲಿಸಿ ಬರೆದ ಒಂದು ನಕಲನ್ನೂ ಕಾಗದದಲ್ಲೇ ಪ್ರಿಂಟ್ ಮಾಡಿ, ನಕಲಿನ ಮೇಲೆ "ಪಾಠಕ್ಕಾಗಿ" ಎಂದು ದಪ್ಪಕ್ಷರದಲ್ಲಿ ಹಾಕಿ. ಮೊಬೈಲಿಗೆ ಕಳಿಸಬೇಡಿ, ಹೊರಗೆ ಹೋದರೆ ಅದೇ ಸುಳ್ಳು ಸುದ್ದಿಯಾಗುತ್ತದೆ. ಗುಂಪಿನಲ್ಲಿ ಕೂತು ಮಕ್ಕಳು ನೋಡಲಿ: ದಿನಾಂಕ ಯಾವುದು, ವಾರ ಅದಕ್ಕೆ ಹೊಂದುತ್ತದಾ? ಜಿಲ್ಲೆ ಉಡುಪಿಯೋ ದಕ್ಷಿಣ ಕನ್ನಡವೋ? ಯಾವ ತರಗತಿಯವರೆಗೆ ರಜೆ? ಅಕ್ಷರದ ಗಾತ್ರ ನಡುವೆ ಬದಲಾಗಿದೆಯಾ? ಯಾರಿಂದ ಬಂತು, ಅವರಿಗೆ ಯಾರು ಕಳಿಸಿದರು? ಕೊನೆಗೆ, ಖಚಿತ ಮಾಡಿಕೊಳ್ಳಲು ಯಾರನ್ನು ಕೇಳಬೇಕು? ನೆರೆ ನೀರಿನ ಫೋಟೊಗಳನ್ನೂ ಹೀಗೆಯೇ ಪರೀಕ್ಷಿಸಬಹುದು. ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಅದೇ ಚಿತ್ರ ಮೊದಲು ಎಲ್ಲೆಲ್ಲಿ ಬಂದಿತ್ತು ಅಂತ ಹಲವು ಸಲ ತಿಳಿಯುತ್ತದೆ.

ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳ ಉತ್ತರವನ್ನೂ ಈ ಕಣ್ಣಿನಿಂದಲೇ ನೋಡಬೇಕು. ಪ್ರಶ್ನೆಪತ್ರಿಕೆಯ ಮೊದಲ ಕರಡಿಗೆ ನಾನು ಬಳಸುತ್ತೇನೆ. ಆದರೆ ನಮ್ಮೂರಿನ ವಿಷಯ ಕೇಳಿದರೆ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಒಂದೊಂದು ಸಾಲೂ ಓದದೆ ತರಗತಿಗೆ ತರಬೇಡಿ.

ಕತೆಗೆ ಸ್ಟೋರಿವೀವರ್

ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕತೆಗಳು ಓದುವ ಮಟ್ಟದ ಪ್ರಕಾರ ಸಿಗುತ್ತವೆ. ಮುಕ್ತ ಪರವಾನಗಿ ಇದೆ, ಬರೆದವರ, ಚಿತ್ರ ಬಿಡಿಸಿದವರ ಹೆಸರು ಹೇಳಿ ಬಳಸಬಹುದು, ಅನುವಾದಿಸಬಹುದು. ಒಂದೊಂದು ಪುಟ ತೋರಿಸುತ್ತ ಓದಿ, ಕೊನೆಯ ಪುಟಕ್ಕೆ ಬರುವ ಮೊದಲು ನಿಲ್ಲಿಸಿ. ಕೊನೆಯನ್ನು ಮಕ್ಕಳು ಚಿತ್ರ ಬರೆದು ಹೇಳಲಿ. ಅದೇ ಕತೆಯನ್ನು ಮರುದಿನ ತುಳುವಿನಲ್ಲಿ ಹೇಳಲು ಬಿಟ್ಟರೆ, ಸುಮ್ಮನೆ ಕೂರುವ ಮಕ್ಕಳೂ ಎದ್ದು ಬರುತ್ತಾರೆ.

ಮನೆ, ಮೊಬೈಲು, ಮಕ್ಕಳ ಫೋಟೊ

ಮೊಬೈಲಿನಲ್ಲಿ ಮಾಡಬೇಕಾದ ಮನೆಗೆಲಸ ಕೊಡಬೇಡಿ. ನಮ್ಮ ಹಲವು ಮನೆಗಳಲ್ಲಿ ಒಂದೇ ಮೊಬೈಲ್. ಅದು ಅಪ್ಪನ ಜೊತೆ ಬೋಟಿನಲ್ಲಿರುತ್ತದೆ, ಇಲ್ಲವೇ ಅಮ್ಮನ ಜೊತೆ ಗೇರುಬೀಜದ ಕಾರ್ಖಾನೆಗೆ ಹೋಗಿರುತ್ತದೆ. ರಾತ್ರಿ ಒಂಬತ್ತಕ್ಕೆ ಮೊಬೈಲ್ ಕೈಗೆ ಬಂದ ಮಗು ಪಾಠ ನೋಡುತ್ತದೆ ಅಂತ ಅಂದುಕೊಳ್ಳುವುದು ಸರಿಯಲ್ಲ.

ಮಕ್ಕಳ ಮುಖದ ಫೋಟೊ, ವಿಡಿಯೊಗಳನ್ನು ಸ್ಟೇಟಸ್‌ಗೆ ಹಾಕಬೇಡಿ. ಕೈ, ಚಿತ್ರ, ಬಾಟಲಿ ಕಂಡರೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಬೇಡಿ. ಜೂನ್‌ನ ಮೊದಲ ಪೋಷಕರ ಸಭೆಯಲ್ಲೇ ಏನು ರೆಕಾರ್ಡ್ ಮಾಡುತ್ತೀರಿ, ಎಲ್ಲಿ ಇಡುತ್ತೀರಿ ಎಂದು ಬಿಡಿಸಿ ಹೇಳಿ, ಪಾತ್ರೆಯದ್ದೋ ಮೀನಿನದ್ದೋ ಒಂದು ಮಾದರಿ ವಿಡಿಯೊ ತೋರಿಸಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬೇಡ ಅಂದವರ ಮಗು ಚಿತ್ರ ಬರೆಯಲಿ, ಧ್ವನಿ ಬೇರೆಯವರು ಕೊಡಲಿ.

ಮಾರ್ಚ್‌ನಲ್ಲಿ ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲು ಒಂದು ಸಂಜೆ ಕೂತು ಆ ವರ್ಷದ ಫೈಲುಗಳನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ. ಪಾಠದ ಹೆಸರು, ಯಾವ ನಿಮಿಷದಿಂದ ಎಲ್ಲಿಯ ತನಕ, ಏನು ಕೆಲಸ ಮಾಡಿಸಿದಿರಿ ಎಂದು ಒಂದು ಹಾಳೆಯಲ್ಲಿ ಬರೆದು ಅದಕ್ಕೆ ಕಟ್ಟಿ. ಮಳೆಯ ಶೀಟು, ಗೋಡೆಯ ಕಾಗದದ ಪಟ್ಟಿ ಎರಡನ್ನೂ ಜೋಪಾನವಾಗಿ ಎತ್ತಿಡಿ. ಮುಂದಿನ ಜೂನ್‌ನಲ್ಲಿ ಹೊಸ ಪಟ್ಟಿಯನ್ನು ಹಳೆಯದರ ಪಕ್ಕದಲ್ಲೇ ಅಂಟಿಸಬೇಕು.